ಶುಕ್ರವಾರ ಸೀಡರ್ ಫೋರ್ಕ್, ಶನಿವಾರ ಟಾಲ್‌ಮನ್

ಸೀಡರ್ ಫೋರ್ಕ್, ನೆಬ್ರಾಸ್ಕ
೧೧ ಏಪ್ರಿಲ್ ೨೦೧೨

ಗೇಲನ್,

ಅಕ್ಕ ಕಾಗದ ಬರೆದಿದಾಳೆ ಅಂತ ನಗಬೇಡ. ನಿಮ್ಮದು ಸರ್ಕಾರಿ ಕಾಲೇಜು, ನಿನ್ನ ಇ-ಮೇಲನ್ನ ಯಾವ ಪತ್ರಿಕೆಯವನು ಬೇಕಾದರೂ ಅರ್ಜಿ ಹಾಕಿ ಓದಬಹುದು ಅಂತ ನೀನೇ ಹೇಳಿದ್ದೆ. ಫೋನ್ ಮಾಡಿದರೆ ‘ಮೀಟಿಂಗಲ್ಲಿದೀನಿ ಅಕ್ಕ’ ಅಂತ ಇಟ್ಟುಬಿಡ್ತೀಯ. ಕಾಗದವನ್ನ ಹಾಗೆ ಮಧ್ಯದಲ್ಲಿ ಇಡೋಕಾಗಲ್ಲ.

ಶನಿವಾರ ಪೆಟ್ರೋಲ್ ಹಾಕಿಸ್ತಾ ನಿಂತಿದ್ದೆ. ನಿಮ್ಮ ಟಾಲ್‌ಮನ್ ಸ್ಟೇಟ್‌ನ ಹಳೇ ವಿದ್ಯಾರ್ಥಿ ಒಬ್ಬ ಪಕ್ಕದಲ್ಲೇ ಟ್ರಕ್ ನಿಲ್ಲಿಸಿದ. ‘ಕೋಚ್, ನಾವಿನ್ನು ಬ್ಲಫ್ಸ್ ಒಕ್ಕೂಟಕ್ಕೆ ಹೋಗ್ತಿದೀವಿ. ಒಮಾಹಾ ಕಡೆಯ ದೊಡ್ಡ ಕಾಲೇಜುಗಳ ಜೊತೆ ಆಟ. ನಿಮ್ಮ ಕಾಟನ್‌ವುಡ್ ಒಕ್ಕೂಟಕ್ಕೆ ಟಾಟಾ’ ಅಂದ. ಯಾರಪ್ಪಾ ಹೇಳಿದ್ದು ಅಂತ ಕೇಳಿದರೆ, ‘ಎಲ್ಲರಿಗೂ ಗೊತ್ತಲ್ಲ’ ಅಂತ ಹಲ್ಲುಕಿರಿದ.

ಎಲ್ಲರಿಗೂ ಗೊತ್ತಿರೋದು ನನಗೆ ಗೊತ್ತಿಲ್ಲ. ನಾನು ನಿನ್ನ ಅಕ್ಕ ಅನ್ನೋದು ಒಂದು ಕಡೆ ಇರಲಿ, ನಮ್ಮ ಕಾಲೇಜು ನಿಮ್ಮ ಕಾಲೇಜಿನ ಪ್ರಯಾಣದ ಜೋಡಿ. ಉಳಿದ ನಾಲ್ಕು ಕಾಲೇಜಿನವರು ಅರ್ಧ ದಿನ ಬಸ್ಸಲ್ಲಿ ಕೂತು ಈ ಮೂಲೆಗೆ ಯಾಕೆ ಬರ್ತಾರೆ? ಶುಕ್ರವಾರ ನಮ್ಮಲ್ಲೊಂದು ಆಟ, ಶನಿವಾರ ನಿಮ್ಮಲ್ಲೊಂದು ಆಟ, ಒಂದೇ ಓಡಾಟದಲ್ಲಿ ಎರಡೂ ಮುಗಿಯುತ್ತೆ ಅಂತ. ನೀವು ಹೋದರೆ ನಮ್ಮೊಬ್ಬರಿಗೋಸ್ಕರ ಯಾರೂ ಬಸ್ ಹತ್ತಲ್ಲ. ಇದನ್ನ ನಿನಗೆ ನಾನು ಹೇಳಿಕೊಡಬೇಕಾ? ನೀನು ಬರೀ ಕ್ರೀಡಾ ನಿರ್ದೇಶಕ. ನಾನು ವಾಲಿಬಾಲ್ ಕಲಿಸಿ, ಬಸ್ಸಿನ ಗಾಜು ಒರೆಸಿ, ಪುರುಸೊತ್ತಾದಾಗ ನಿರ್ದೇಶಕಿ.

ಹೌದೋ ಅಲ್ಲವೋ, ಒಂದೇ ಮಾತಲ್ಲಿ ಬರಿ.

ಮಾರ್ಲಿಸ್

*

ಟಾಲ್‌ಮನ್
೨೩ ಏಪ್ರಿಲ್

ಅಕ್ಕ,

ಪೆಟ್ರೋಲ್ ಬಂಕಿನ ಮಾತು ನಂಬೋದಾದರೆ ನಮ್ಮ ಫುಟ್‌ಬಾಲ್ ಕೋಚ್ ಈ ವರ್ಷ ಎರಡು ಸಲ ಸತ್ತಿದಾನೆ, ಒಂದು ಸಲ ಓಡಿಹೋಗಿದಾನೆ. ಬೆಳಿಗ್ಗೆ ತಾನೇ ಅವನ ಜೊತೆ ಕಾಫಿ ಕುಡಿದೆ.

ಈ ಕಾಲದಲ್ಲಿ ಎಲ್ಲ ಕಾಲೇಜುಗಳೂ ಎಲ್ಲರ ಜೊತೆ ಮಾತಾಡ್ತವೆ. ನಮ್ಮ ಹೊಸ ಅಧ್ಯಕ್ಷರು, ಡಾಕ್ಟರ್ ಥರ್ಲೋ, ಎಲ್ಲಿ ಕರೆದರೂ ಹೋಗಿ ಕೂರೋರು. ಅವರ ಪಕ್ಕ ನಾನೂ ಹೋಗಿ ಕೂರಬೇಕು. ಯಾವ ನಿರ್ಧಾರವೂ ಆಗಿಲ್ಲ. ಆದ ದಿನ ನಿನಗೆ ಮೊದಲು ತಿಳಿಸ್ತೀನಿ.

ಈಸ್ಟರ್‌ಗೆ ಲೊರೇನ್ ಗಸಗಸೆ ಹೂರಣದ ಕೊಲಾಚೆ ಬನ್ನು ಮಾಡಿದಳು. ಅಮ್ಮ ಮಾಡಿದ ಹಾಗೆ ಬರಲಿಲ್ಲ ಅಂದೆ. ಇನ್ನೂ ಮಾತು ಬಿಟ್ಟಿದಾಳೆ.

ನಿನ್ನ
ಗೇಲನ್

*

ಸೀಡರ್ ಫೋರ್ಕ್
೧೪ ಮೇ

ಗೇಲನ್,

ಹೆಂಡತಿಗೆ ಹಾಗೆ ಹೇಳೋ ಧೈರ್ಯ ಇರೋನು ನನಗೆ ‘ಹೌದು’, ‘ಇಲ್ಲ’ ಅನ್ನೋಕೆ ಒದ್ದಾಡ್ತೀಯ. ಇರಲಿ. ನಿರ್ಧಾರ ಆಗಿಲ್ಲ ಅಂದ್ಯಲ್ಲ, ನಂಬಿದೀನಿ. ಹಾಗಾದರೆ ಇನ್ನೂ ಹೊತ್ತು ಮೀರಿಲ್ಲ.

ಯೋಚನೆ ಮಾಡಿ ಬರೀತಿದೀನಿ. ಹೋಗೋದೇ ಆದರೆ ಇಬ್ಬರೂ ಹೋಗೋಣ. ಬ್ಲಫ್ಸ್‌ನವರಿಗೂ ಈ ದಿಕ್ಕಿಗೆ ಬಂದರೆ ಎರಡು ಆಟ ಬೇಕೇ ಬೇಕು. ನಾವು ಚಿಕ್ಕವರು, ನಿಜ. ಆದರೆ ಹೋದ ವರ್ಷ ನಮ್ಮ ಹುಡುಗಿಯರು ಒಕ್ಕೂಟ ಗೆದ್ದು ನೇರವಾಗಿ ರಾಷ್ಟ್ರೀಯ ಟೂರ್ನಿಗೆ ಹೋಗಿದ್ದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆವತ್ತು ಊರಿನ ಅಂಗಡಿಯೆಲ್ಲ ಬಾಗಿಲು ಹಾಕಿಕೊಂಡು ಜನ ಕಾರು ಕಟ್ಟಿಕೊಂಡು ಬಂದಿದ್ದರು. ನೀನೂ ಬಂದಿದ್ದೆ, ನಮ್ಮ ಬಣ್ಣದ ಅಂಗಿ ಹಾಕ್ಕೊಂಡು.

ಮುಂದಿನ ಸಲ ಅವರ ಜೊತೆ ಊಟಕ್ಕೆ ಕೂತಾಗ ಸೀಡರ್ ಫೋರ್ಕ್ ಹೆಸರನ್ನೂ ಹೇಳು. ಅಷ್ಟೇ ನಾನು ಕೇಳ್ತಿರೋದು. ಹೇಳಿದೆ ಅಂತ ಒಂದು ಸಾಲು ಬರೆದರೆ ಸಾಕು.

ಮಾರ್ಲಿಸ್

*

ಟಾಲ್‌ಮನ್
೨೭ ಜೂನ್

ಅಕ್ಕ,

ಇದು ನಿನ್ನ ಕೈ ಸೇರೋ ಹೊತ್ತಿಗೆ ಪತ್ರಿಕೆಯಲ್ಲಿ ಓದಿರ್ತೀಯ. ನಾವು ಕಾಟನ್‌ವುಡ್ ಬಿಡ್ತಿದೀವಿ. ಮುಂದಿನ ವರ್ಷ ಬಿಡಬೇಕಂದರೆ ಈ ಜೂನ್ ಕೊನೆಯೊಳಗೆ ಬರೆದುಕೊಡಬೇಕು ಅನ್ನೋ ನಿಯಮ ನಿನಗೂ ಗೊತ್ತು. ನಿನ್ನೆ ಕೊಟ್ಟೆವು. ಬ್ಲಫ್ಸ್‌ನ ಅಧ್ಯಕ್ಷರೆಲ್ಲ ಆಗಸ್ಟ್ ಕೊನೆಯಲ್ಲಿ ಸೇರಿ ಮತ ಹಾಕ್ತಾರೆ. ಅದು ಕೈ ಎತ್ತೋ ಶಾಸ್ತ್ರ ಅಷ್ಟೇ.

ಮೊದಲು ನಿನಗೇ ಹೇಳ್ತೀನಿ ಅಂದಿದ್ದೆ. ಬಾಯಿ ಬಿಡಬಾರದು ಅಂತ ಥರ್ಲೋ ಎಲ್ಲರಿಂದಲೂ ಮಾತು ತಗೊಂಡಿದ್ದರು. ಬೇಜಾರಾಗಬೇಡ. ನಮ್ಮ ಹುಡುಗರಿಗೆ ಇದು ದೊಡ್ಡ ಅವಕಾಶ.

ಹುಳುಕಡ್ಡಿಗೆ ಲೋಳೆಸರ ಹಚ್ಚಿದರೆ ಒಳ್ಳೇದಂತೆ. ನಿನ್ನ ಕೈ ಈಗ ಹೇಗಿದೆ?

ಗೇಲನ್

*

ಸೀಡರ್ ಫೋರ್ಕ್
೫ ಜುಲೈ

ಗೇಲನ್,

ನನ್ನ ಕೈಗೇನೂ ಆಗಿಲ್ಲ. ಹುಳುಕಡ್ಡಿ ಆಗಿದ್ದು ಹೋದ ವರ್ಷ. ಬರೆಯೋಕೆ ಮಾತು ಸಿಗದಿದ್ದರೆ ಸಿಗಲಿಲ್ಲ ಅನ್ನು.

ನಮ್ಮ ಹೆಸರು ಹೇಳಿದ್ಯಾ ಅಂತ ಕೇಳಿದ್ದೆ. ನಿನ್ನ ಕಾಗದವನ್ನ ತಿರುಗಿಸಿ ತಿರುಗಿಸಿ ನೋಡಿದೆ, ಆ ಮಾತೇ ಇಲ್ಲ. ಉತ್ತರ ಸಿಕ್ಕಿತು ಅಂತ ತಿಳ್ಕೊಂಡಿದೀನಿ.

ಈಗ ಇಲ್ಲಿನ ಕಥೆ ಕೇಳು. ನೀವು ಹೋದರೆ ಕಾಟನ್‌ವುಡ್‌ನಲ್ಲಿ ಉಳಿಯೋದು ಐದು. ಆರು ಕಾಲೇಜಿಲ್ಲದ ಒಕ್ಕೂಟ ಗೆದ್ದರೂ ರಾಷ್ಟ್ರೀಯ ಟೂರ್ನಿಗೆ ನೇರ ದಾರಿ ಇಲ್ಲ. ಉಳಿದ ನಾಲ್ವರು ಆಗಲೇ ಗುಸುಗುಸು ಶುರು ಮಾಡಿದಾರೆ, ನಮ್ಮನ್ನ ಬಿಟ್ಟು ಕಾನ್ಸಾಸ್ ಕಡೆಯವರ ಜೊತೆ ಸೇರಿಕೊಂಡರೆ ಹೇಗೆ ಅಂತ. ಸೆಪ್ಟೆಂಬರ್ ಸಭೆಯಲ್ಲಿ ತೀರ್ಮಾನ. ನಮ್ಮ ಅಧ್ಯಕ್ಷರು ಡಾಕ್ಟರ್ ಒಲೀನ್ ಕರೆದು ಕೂರಿಸಿಕೊಂಡು ಹೇಳಿದರು: ‘ಮಾರ್ಲಿಸ್, ಒಕ್ಕೂಟ ಇಲ್ಲದೆ ಆಟ ನಡೆಸೋಕಾಗಲ್ಲ. ಆ ಸಭೆಯೊಳಗೆ ದಾರಿ ಹುಡುಕಿ. ಇಲ್ಲದಿದ್ದರೆ ಎಲ್ಲ ತಂಡಗಳನ್ನೂ ಮುಚ್ಚಿಬಿಡೋಣ.’

ನಮ್ಮಲ್ಲಿ ಓದೋ ಮಕ್ಕಳಲ್ಲಿ ಅರ್ಧಕ್ಕರ್ಧ ಆಡೋಕಂತಲೇ ಬಂದವರು. ತಂಡ ಹೋದರೆ ಅವರು ಹೋಗ್ತಾರೆ, ಅವರ ಹಿಂದೆ ಕಾಲೇಜೂ ಹೋಗುತ್ತೆ. ಆಮೇಲೆ ಈ ಊರಲ್ಲಿ ಉಳಿಯೋದು ಧಾನ್ಯದ ಗೋದಾಮು, ಎರಡು ಚರ್ಚು.

ನಿನ್ನ ಮೇಲೆ ತುಂಬಾ ಸಿಟ್ಟಿದೆ. ಅದನ್ನ ಮನಸ್ಸಲ್ಲಿಟ್ಟುಕೊಂಡು ನಗ್ತಾ ಇರೋ ಜಾತಿ ನಾನಲ್ಲ, ಅದಕ್ಕೇ ಬರೆದು ಹೇಳ್ತಿದೀನಿ. ಆದರೆ ಸಿಟ್ಟು ಮಾಡ್ಕೊಂಡು ಕೂರೋಕೆ ಪುರುಸೊತ್ತಿಲ್ಲ. ಕಾಲೇಜು ಮುಚ್ಚೋಕೆ ನಾನು ಬಿಡಲ್ಲ.

ಮಾರ್ಲಿಸ್

*

ಟಾಲ್‌ಮನ್
೧೬ ಜುಲೈ

ಅಕ್ಕ,

ಬೈದಿದ್ದು ಸರಿ. ಎಲ್ಲ ಬೈಗುಳವನ್ನೂ ತಗೊಂಡೆ.

ಆದರೆ ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ. ನೀನೊಬ್ಬಳೇ ಎಷ್ಟು ಅಂತ ಎಳೀತೀಯ? ಆ ಮೂಲೆಗೆ ಯಾವ ಕಾಲೇಜು ಬರುತ್ತೆ? ಭೂಪಟ ತೆಗೆದು ನೋಡಿದೆ, ನಿಮ್ಮ ಸುತ್ತ ಹುಲ್ಲು, ದನ, ಮತ್ತೆ ಹುಲ್ಲು. ಇಲ್ಲಿ ನನಗೊಬ್ಬರು ಸಹಾಯಕ ನಿರ್ದೇಶಕರು ಬೇಕು. ಕೆಲಸ ನಿನಗೆ ಅಂತಲೇ ಹಿಡಿದಿಟ್ಟಿದೀನಿ. ನಮ್ಮ ಮನೆಯ ಮೇಲಿನ ಕೋಣೆ ಖಾಲಿ ಇದೆ. ಲೊರೇನ್ ಕೂಡ ಬರಲಿ ಅಂದಳು.

ಈಗ ಬಿಟ್ಟುಬಂದರೆ ಸೋತ ಹಾಗಲ್ಲ ಅಕ್ಕ. ನೀನು ಮಾಡಬಹುದಾದ್ದನ್ನೆಲ್ಲ ಮಾಡಿದೀಯ.

ಗೇಲನ್

*

ಸೀಡರ್ ಫೋರ್ಕ್
೩೦ ಜುಲೈ

ಗೇಲನ್,

ಕೆಲಸ ಬೇಡ. ಲೊರೇನ್‌ಗೆ ನನ್ನ ಥ್ಯಾಂಕ್ಸ್ ಹೇಳು.

ಇಲ್ಲಿ ಟೊಮೇಟೊ ಚೆನ್ನಾಗಿ ಬಿಟ್ಟಿದೆ. ಇತ್ತೀಚೆಗೆ ಭಾನುವಾರ ಚರ್ಚಿಗೆ ಹೋಗ್ತಿದೀನಿ, ಉತ್ತರಕ್ಕೆ ಗಡಿ ದಾಟಿ, ಸೌತ್ ಡಕೋಟಾದ ಒಂದು ಊರಿಗೆ. ಮನಸ್ಸಿಗೆ ಹಿತವಾಗಿದೆ.

ಮಾರ್ಲಿಸ್

*

ಟಾಲ್‌ಮನ್
೮ ಆಗಸ್ಟ್

ಅಕ್ಕ,

ನಿನ್ನ ಕಾಗದ ಓದಿ ಗಾಬರಿಯಾಯಿತು. ಬೈದಿದ್ದರೆ ನೆಮ್ಮದಿಯಾಗಿ ಇರ್ತಿದ್ದೆ. ಅಮ್ಮ ಹೋದ ಮೇಲೆ ಚರ್ಚಿನ ಮೆಟ್ಟಿಲು ಹತ್ತದವಳು ಈಗ ಗಡಿ ದಾಟಿ ಪೂಜೆಗೆ ಹೋಗ್ತಿದೀಯ ಅಂದರೆ, ಒಳಗೆ ಎಷ್ಟು ಕುಗ್ಗಿರಬೇಕು ನೀನು. ಲೊರೇನ್‌ಗೆ ಓದಿ ಹೇಳಿದೆ. ‘ಈಗಲೇ ಹೋಗಿ ಕರ್ಕೊಂಡು ಬಾ’ ಅಂತ ಅವಳು ಗಲಾಟೆ ಮಾಡಿದಳು. ಹೊರಟುಬಿಡ್ತಿದ್ದೆ, ಆದರೆ ಇಲ್ಲಿ ಕೆಲಸ ಮುಗೀತಿಲ್ಲ.

ಆಟದ ಮನೆಯ ಮರದ ನೆಲ ಉಜ್ಜಿಸಿ ಬಣ್ಣ ಹಾಕಿಸೋದು ಹತ್ತು ವರ್ಷಕ್ಕೊಮ್ಮೆ. ಈ ಬೇಸಿಗೆಯೇ ಆ ಸರದಿ ಬಂತು. ಮತ್ತೆ ಹತ್ತು ವರ್ಷ ಕಾಯೋದು ಯಾಕೆ ಅಂತ ಈಗಲೇ ಬ್ಲಫ್ಸ್ ಲಾಂಛನವನ್ನ ನಡುಮಧ್ಯೆ ಬರೆಸಿದೆವು. ದೊಡ್ಡದಾಗಿದೆ, ಟ್ರಕ್ ನಿಲ್ಲಿಸಬಹುದು. ಥರ್ಲೋ ಅವರು ಬೂಟು ಬಿಚ್ಚಿ ಅದರ ಮೇಲೆ ಓಡಾಡಿ ಬಂದರು.

ಒಬ್ಬಳೇ ಇರಬೇಡ. ಬಂದುಬಿಡು.

ಗೇಲನ್

*

ಸೀಡರ್ ಫೋರ್ಕ್
೨೦ ಆಗಸ್ಟ್

ಗೇಲನ್,

ನಿನ್ನ ಕಾಗದ ಓದಿ ನಕ್ಕೂ ನಕ್ಕೂ ಪಕ್ಕೆ ಹಿಡ್ಕೊಂಡಿತು. ಕುಗ್ಗಿದೀನಂತೆ. ನಾನು ಹೋಗ್ತಿದ್ದಿದ್ದು ಪ್ರಾರ್ಥನೆಗಲ್ಲ ಕಣೋ, ಕಾಲೇಜು ಹಿಡಿಯೋಕೆ. ಪೂರ್ತಿ ಪಕ್ಕಾ ಆಗೋ ತನಕ ನಿನಗೆ ಹೇಳಬಾರದು ಅಂತಿದ್ದೆ. ನಿನ್ನ ಕಿವಿಗೆ ಬಿದ್ದದ್ದು ಥರ್ಲೋ ಕಿವಿಗೆ ಬೀಳೋದು ಎಷ್ಟು ಹೊತ್ತು?

ನೀನು ಭೂಪಟ ನೋಡಿದ್ದು ನೆಬ್ರಾಸ್ಕದ್ದು. ಗಡಿಯ ಆಚೆ, ಇಲ್ಲಿಂದ ಒಂದು ಗಂಟೆ ದಾರಿಯಲ್ಲಿ ಸೇಂಟ್ ವಾಲ್‌ಬರ್ಗಾ ಅಂತ ಸನ್ಯಾಸಿನಿಯರ ಕಾಲೇಜಿದೆ. ಐದಾರು ಪುಟ್ಟ ಕಾಲೇಜುಗಳ ಒಂದು ಗುಂಪಲ್ಲಿ ಆಡ್ಕೊಂಡಿದ್ದರು. ಅಧ್ಯಕ್ಷೆ ಸಿಸ್ಟರ್ ಬೊನಿಟಾ. ಮೊದಲ ಭಾನುವಾರ ಪೂಜೆ ಮುಗಿಸಿ ಬಾಗಿಲಲ್ಲಿ ನಿಂತು ಮಾತಾಡಿಸಿದೆ. ‘ನೀವು ಬಂದಿದ್ದು ಪೂಜೆಗಾ, ಕೆಲಸಕ್ಕಾ?’ ಅಂದರು. ಕೆಲಸಕ್ಕೆ ಅಂದೆ. ‘ಹಾಗಾದರೆ ಮುಂದಿನ ವಾರವೂ ಬನ್ನಿ. ನಾಲ್ಕು ವಾರ ಪೂಜೆಗೆ ಕೂತರೆ ಐದನೇ ವಾರ ಕೆಲಸದ ಮಾತು.’ ಕೂತೆ. ಮಂಡಿ ನೋವು ಇನ್ನೂ ಇದೆ.

ಐದನೇ ವಾರ ಆಟದ ಮನೆ ತೋರಿಸಿದರು. ಚಾವಣಿ ಎಷ್ಟು ಕೆಳಗಿದೆ ಅಂದರೆ ಚೆಂಡು ಎತ್ತಿದರೆ ತೊಲೆಗೆ ಬಡಿದು ವಾಪಸ್ ತಲೆ ಮೇಲೇ ಬೀಳುತ್ತೆ. ‘ಅದಕ್ಕೇ ನಮ್ಮ ಹುಡುಗಿಯರು ಚೆಂಡನ್ನ ನೆಲಕ್ಕೇ ಹೊಡೆಯೋದು ಕಲ್ತಿದಾರೆ’ ಅಂದರು, ಮುಖದಲ್ಲಿ ಒಂಚೂರೂ ನಗು ಇಲ್ಲ. ಆ ಊರಿನ ಹೈಸ್ಕೂಲಿನ ಆಟದ ಮನೆ ಎತ್ತರವಾಗಿದೆ. ಸ್ಕೂಲಿನವರನ್ನ ಹಿಡಿದು ಒಪ್ಪಿಸಿದೆ. ಶುಕ್ರವಾರ ನಮ್ಮಲ್ಲಿ, ಶನಿವಾರ ಅಲ್ಲಿ. ಭಾನುವಾರ ಆಟ ಇಲ್ಲ, ಅದು ಅವರ ಷರತ್ತು.

ಕೊನೆಗೆ ಇನ್ನೊಂದು ಕೇಳಿದರು. ‘ಮಾರ್ಲಿಸ್, ನಾವಿರೋ ಗುಂಪಿಗೆ ಬಿಡ್ತೀವಿ ಅಂತ ಹೇಳಿದ ಮೇಲೆ ಅಲ್ಲಿ ನಮಗೆ ಜಾಗ ಇರಲ್ಲ. ನಾಳೆ ಇನ್ಯಾರೋ ದೊಡ್ಡವರು ಬಂದರೆ ನಮ್ಮನ್ನ ನಡುನೀರಲ್ಲಿ ಕೈ ಬಿಡ್ತೀರಾ?’

ನಾನಿರೋ ತನಕ ಇಲ್ಲ ಅಂದೆ. ಕೈ ಕೊಟ್ಟರು. ಎಂಬತ್ತರ ಹೆಂಗಸು, ನನ್ನ ಬೆರಳು ನೊಂದಿತು.

ಅವತ್ತೇ ಅವರ ಗುಂಪಿಗೆ ತಿಳಿಸಿಬಿಟ್ಟರು. ಸೆಪ್ಟೆಂಬರ್ ಹದಿನೈದಕ್ಕೆ ನಮ್ಮ ಸಭೆ. ಹೊಸಬರನ್ನ ಸೇರಿಸಿಕೊಳ್ಳೋಕೆ ಐದೂ ಕಾಲೇಜು ಒಪ್ಪಬೇಕು. ನಾಲ್ವರೂ ಮುಖ ಸಿಂಡರಿಸಿಕೊಂಡೇ ಹೂಂ ಅಂದಿದಾರೆ.

ಮೇಲಿನ ಕೋಣೆ ಬಾಡಿಗೆಗೆ ಕೊಟ್ಟುಬಿಡು.

ಮಾರ್ಲಿಸ್

*

ಟಾಲ್‌ಮನ್
೧ ಸೆಪ್ಟೆಂಬರ್

ಅಕ್ಕ,

ಹೇಗೆ ಶುರು ಮಾಡಲಿ ಗೊತ್ತಾಗ್ತಿಲ್ಲ. ನೇರವಾಗಿ ಬರೀತೀನಿ.

ಬ್ಲಫ್ಸ್‌ನವರು ಮೊನ್ನೆ ಮತ ಹಾಕಿದರು. ನಮ್ಮನ್ನ ತಗೊಳ್ಳಲಿಲ್ಲ. ಕೊನೇ ವಾರದಲ್ಲಿ ಅಯೋವಾದ ಒಂದು ಕಾಲೇಜು ಅರ್ಜಿ ಹಾಕಿತ್ತಂತೆ, ದೊಡ್ಡ ಊರು, ಸ್ವಂತ ಟಿವಿ ಚಾನಲ್. ಅವರಿಗೆ ಬೇಕಾಗಿದ್ದು ನಮ್ಮ ತಂಡವಲ್ಲ, ನೋಡೋ ಜನ. ಥರ್ಲೋ ಅವರಿಗೆ ಫೋನಲ್ಲಿ ಎರಡು ನಿಮಿಷದಲ್ಲಿ ಹೇಳಿ ಇಟ್ಟರು. ಆ ಲಾಂಛನದ ಮೇಲೆ ಕಂಬಳಿ ಹಾಸಿದೀವಿ.

ಬಿಡ್ತೀವಿ ಅಂತ ಬರೆದುಕೊಟ್ಟ ಮೇಲೆ ಕಾಟನ್‌ವುಡ್‌ನಲ್ಲೂ ನಮಗೆ ಜಾಗವಿಲ್ಲ, ಹೊಸಬರ ಹಾಗೆ ಮತ್ತೆ ಅರ್ಜಿ ಹಾಕಬೇಕು. ಥರ್ಲೋ ನಾಲ್ಕೂ ಕಾಲೇಜಿಗೆ ಫೋನ್ ಮಾಡಿದರು. ನಾಲ್ವರಿಗೂ ಖುಷಿ. ಆ ತಗ್ಗು ಚಾವಣಿಯ ಸಿಸ್ಟರ್‌ಗಳಿಗಿಂತ ಟಾಲ್‌ಮನ್ ವಾಸಿ ಅಂದರಂತೆ. ಸಿಸ್ಟರ್‌ಗಳ ಬದಲು ನಾವು. ಆರಕ್ಕೆ ಆರು ಆಗುತ್ತೆ, ನಿನ್ನ ಜೋಡಿ ನಿನಗೆ ವಾಪಸ್ ಸಿಗುತ್ತೆ. ಶುಕ್ರವಾರ ಸೀಡರ್ ಫೋರ್ಕ್, ಶನಿವಾರ ಟಾಲ್‌ಮನ್, ಮೊದಲಿನ ಹಾಗೇ. ಉಳಿದಿರೋದು ನಿಮ್ಮ ಒಂದು ಮತ. ಡಾಕ್ಟರ್ ಒಲೀನ್ ನೀನು ಹೇಳಿದ ಹಾಗೆ ಹಾಕ್ತಾರೆ ಅಂತ ಎಲ್ಲರಿಗೂ ಗೊತ್ತು.

ಆಗದಿದ್ದರೆ ಥರ್ಲೋ ನನ್ನನ್ನ ಇಟ್ಟುಕೊಳ್ಳಲ್ಲ. ಅದು ಹೋಗಲಿ. ಇಲ್ಲೂ ಮಕ್ಕಳಿದಾರೆ ಅಕ್ಕ. ಜುಲೈನಲ್ಲಿ ನೀನು ಬರೆದಿದ್ದನ್ನೆಲ್ಲ ಈಗ ನಾನು ನಿನಗೆ ಬರೀಬಹುದು, ಅಕ್ಷರ ಬದಲಾಯಿಸದೆ.

ಕೇಳೋ ಮುಖ ನನಗಿಲ್ಲ. ಆದರೂ ಕೇಳ್ತಿದೀನಿ.

ಗೇಲನ್

*

ಸೀಡರ್ ಫೋರ್ಕ್
೧೭ ಸೆಪ್ಟೆಂಬರ್

ಗೇಲನ್,

ನಿನ್ನ ಕಾಗದಕ್ಕೆ ಸಭೆಗೆ ಮುಂಚೆ ಉತ್ತರ ಬರೀಲಿಲ್ಲ. ಬೇಕಂತಲೇ ಬರೀಲಿಲ್ಲ. ಬರೆದಿದ್ದರೆ ನೀನು ಫೋನ್ ಮಾಡ್ತಿದ್ದೆ, ದನಿ ಕೇಳಿದ್ದರೆ ನಾನು ಕರಗಿಬಿಡ್ತಿದ್ದೆ. ಚಿಕ್ಕಂದಿನಿಂದ ನೀನು ಅತ್ತರೆ ನನ್ನ ಕೈಲಿರೋದನ್ನ ಕೊಟ್ಟು ಅಭ್ಯಾಸ. ಈ ಸಲ ನನ್ನ ಕೈಲಿದ್ದಿದ್ದು ನನ್ನದಾಗಿರಲಿಲ್ಲ.

ಸಭೆಯಲ್ಲಿ ನಾಲ್ವರೂ ಮಾತು ಮುಗಿಸಿಕೊಂಡೇ ಬಂದಿದ್ದರು. ಕಾಫಿ ಬರೋಕೆ ಮುಂಚೆ ಎದ್ದುಹೋಗೋ ಆತುರ. ಸೇಂಟ್ ವಾಲ್‌ಬರ್ಗಾಗೆ ಒಂದು ನಯವಾದ ಕಾಗದ ಬರೆದರಾಯಿತು ಅಂದರು. ಡಾಕ್ಟರ್ ಒಲೀನ್ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ.

ಟಾಲ್‌ಮನ್ ಒಂದೇ ಬರೋದಾದರೆ ನಮ್ಮ ಮತ ಇಲ್ಲ ಅಂದೆ. ಇಬ್ಬರೂ ಬರಲಿ, ಇಲ್ಲಾ ಯಾರೂ ಬೇಡ. ಯಾರೂ ಬರದಿದ್ದರೆ ನಾವು ಐದೇ ಜನ, ಎಲ್ಲರಿಗೂ ರಾಷ್ಟ್ರೀಯ ಟೂರ್ನಿಯ ದಾರಿ ಮುಚ್ಚಿತು. ಒಬ್ಬರು ಕೂಗಾಡಿದರು. ‘ನಿಮ್ಮ ಕಾಲೇಜು ಮೊದಲು ಮುಳುಗುತ್ತೆ, ಗೊತ್ತಾ?’ ಅಂದರು. ಗೊತ್ತು, ಆದರೂ ಕೂರಲ್ಲ ಅಂದೆ. ಮೇಜನ್ನ ಬಿಗಿಯಾಗಿ ಹಿಡ್ಕೊಂಡಿದ್ದೆ. ಇದನ್ನ ನಿನಗೆ ಮಾತ್ರ ಹೇಳ್ತಿದೀನಿ.

ಡಾಕ್ಟರ್ ಒಲೀನ್ ಬಿಳುಚಿಕೊಂಡಿದ್ದರು. ಆದರೂ ‘ಮಾರ್ಲಿಸ್ ಹೇಳಿದ್ದೇ ನಮ್ಮ ಮತ’ ಅಂದರು. ಮಧ್ಯಾಹ್ನದ ಊಟ ತಣ್ಣಗಾಗೋ ಹೊತ್ತಿಗೆ ಒಬ್ಬೊಬ್ಬರಾಗಿ ಒಪ್ಪಿದರು. ಮುಂದಿನ ವರ್ಷದಿಂದ ಏಳು ಕಾಲೇಜು.

ಏಳು ಅಂದರೆ ಒಬ್ಬರಿಗೆ ಜೋಡಿ ಇರಲ್ಲ. ಆ ನಾಲ್ವರು ಅವರವರಲ್ಲೇ ಎರಡು ಜೋಡಿ. ನಮ್ಮ ಜೋಡಿ ಸಿಸ್ಟರ್‌ಗಳು. ಒಂಟಿಯಾಗಿ ಉಳಿಯೋರು ನೀವು. ವಾರದ ಕೊನೆಯಲ್ಲಿ ಒಂದೇ ಆಟಕ್ಕೆ ಯಾರೂ ಅಷ್ಟು ದೂರ ಬರಲ್ಲ. ಹಾಗಾಗಿ ನಿಮ್ಮ ಆಟಗಳೆಲ್ಲ ಬುಧವಾರ. ಪಾಠ ಮುಗಿಸಿ ಬಸ್ ಹತ್ತಬೇಕು, ಆಡಿ ಅದೇ ರಾತ್ರಿ ವಾಪಸ್ ಹೋಗಬೇಕು. ಕಷ್ಟ. ಗೊತ್ತಿದ್ದೇ ಹಾಕಿದೀನಿ.

ಅವರಲ್ಲೊಬ್ಬ ಕೇಳಿದ, ‘ಅವನು ನಿಮ್ಮ ತಮ್ಮ ಅಲ್ವಾ?’

‘ಹೌದು, ಅದಕ್ಕೇ ಬುಧವಾರವಾದರೂ ಸಿಕ್ಕಿತು’ ಅಂದೆ.

ನಿನಗೆ ಬೇಕಿದ್ದರೆ ತಗೋ. ಬೇಡದಿದ್ದರೆ ಬಿಡು. ಯಾವುದಾದರೂ ಸರಿ, ನನ್ನ ಮೇಲೆ ಸಿಟ್ಟು ಬಂದರೆ ಬರೆದು ಹೇಳು. ಕೆಟ್ಟ ಕೆಲಸ ಮಾಡಿದೆ ಅಂತ ನನಗನ್ನಿಸಿಲ್ಲ. ಆದರೆ ಮೊನ್ನೆಯಿಂದ ಊಟ ಸೇರ್ತಿಲ್ಲ.

ಮಾರ್ಲಿಸ್

*

ಟಾಲ್‌ಮನ್
೨೮ ಸೆಪ್ಟೆಂಬರ್

ಅಕ್ಕ,

ಸಿಟ್ಟು ಬಂತು. ಎರಡು ದಿನ ನಿನ್ನ ಹೆಸರೆತ್ತಿದರೆ ಮನೆಯಲ್ಲಿ ಬಾಗಿಲು ದಢಾರ್ ಅನ್ನಿಸ್ತಿದ್ದೆ. ಲೊರೇನ್ ಸಾಕಾಗಿ ಕೇಳಿದಳು, ‘ಅವಳು ಆ ಸಿಸ್ಟರ್‌ಗಳನ್ನ ಬಿಟ್ಟು ನಿಮ್ಮನ್ನ ತಗೊಂಡಿದ್ದರೆ, ಮುಂದೆ ಯಾವತ್ತಾದರೂ ಅವಳ ಮಾತು ನಂಬ್ತಿದ್ದೆಯಾ?’ ಅವತ್ತಿಂದ ಬಾಗಿಲು ಮೆತ್ತಗೆ ಹಾಕ್ತಿದೀನಿ.

ಥರ್ಲೋ ಅವರು ಬುಧವಾರ ಬೇಡ ಅಂದರು. ಅದು ಅವಮಾನವಂತೆ. ಅವರು ಬಂದಾಗಿನಿಂದ ಅವರಿಗೆ ನಾನು ಒಂದು ಸಲವೂ ಎದುರು ಮಾತಾಡಿರಲಿಲ್ಲ, ಅದು ನಿನಗೂ ಗೊತ್ತು, ಅನುಭವಿಸಿದವಳೂ ನೀನೇ. ಈ ಸಲ ಹೇಳಿದೆ. ‘ಬುಧವಾರ ಒಪ್ಪಿಕೊಳ್ಳಿ, ಇಲ್ಲಾ ಹೊಸ ನಿರ್ದೇಶಕರನ್ನ ಹುಡುಕಿಕೊಳ್ಳಿ. ಮಕ್ಕಳನ್ನ ಆಟವಿಲ್ಲದೆ ಕೂರಿಸೋಕೆ ನಾನಿಲ್ಲಿ ಇರಲ್ಲ.’ ಸಂಜೆ ತನಕ ನನ್ನ ಮುಖ ನೋಡಲಿಲ್ಲ. ಆಮೇಲೆ ಸಹಿ ಹಾಕಿದರು.

ವಾಲಿಬಾಲ್ ಹುಡುಗಿಯರನ್ನ ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಜೋಡಿ ಇಲ್ಲ, ಬುಧವಾರದ ಬಸ್ಸು, ಗುರುವಾರ ಬೆಳಿಗ್ಗೆ ಪಾಠ ತಪ್ಪಿಸೋ ಹಾಗಿಲ್ಲ. ನಾಯಕಿ ಒಂದೇ ಪ್ರಶ್ನೆ ಕೇಳಿದಳು, ‘ಗೆದ್ದರೆ ರಾಷ್ಟ್ರೀಯ ಟೂರ್ನಿ ಇದೆ ತಾನೇ?’ ಇದೆ ಅಂದೆ. ‘ಹಾಗಾದರೆ ಯಾವ ವಾರವಾದರೇನು’ ಅಂತ ಎದ್ದು ಹೋದಳು.

ವೇಳಾಪಟ್ಟಿ ಮಾಡೋಳು ನೀನೇ ಅಂತ ಕೇಳಿದೆ. ಮುಂದಿನ ವರ್ಷದ ಮೊದಲ ಬುಧವಾರ ನಮ್ಮನ್ನ ನಿಮ್ಮೂರಿಗೇ ಹಾಕು. ಸರಿಯಾಗಿ ಊಟ ಮಾಡಿ ಗಟ್ಟಿಯಾಗಿರು. ನಾವು ಸೋಲಿಸೋಕೆ ಬರ್ತಿದೀವಿ.

ಗೇಲನ್